ಹೊಸ ಮಾಹಿತಿ ಇದ್ದರೆ ಲಗತ್ತಿಸಿ

ಅಮೆರಿಕದಲ್ಲಿರುವ ಕನ್ನಡಿಗರು ಏನೇನು ಬರೀತಾರೆ ಅಂತ ಯಾರಾದ್ರೂ ಕೇಳಿದರೆ ನಾವು ಕವನ ಸಂಕಲನ, ಪ್ರವಾಸ ಕಥನ, ಕನ್ನಡ ಕೂಟದ ಸ್ಮರಣ ಸಂಚಿಕೆ ಅಂತ ಪಟ್ಟಿ ಕೊಡ್ತೀವಿ. ಆ ಪಟ್ಟಿಗೆ ಸೇರದ ಒಂದು ಗದ್ಯ ಪ್ರಕಾರ ಇದೆ. ಇಂಗ್ಲಿಷಿನಲ್ಲಿರುತ್ತೆ, ಎರಡು ಪುಟ ಮೀರಲ್ಲ, ಬಹುತೇಕ ರಾತ್ರಿ ಹನ್ನೊಂದರ ಮೇಲೆ ಮಕ್ಕಳನ್ನು ಮಲಗಿಸಿ ಬರೆದದ್ದಾಗಿರುತ್ತೆ. ಓದುಗರು ಹೆಚ್ಚೆಂದರೆ ಐದಾರು ಜನ. ಶಾಲೆಯ ಗಿಫ್ಟೆಡ್ ಪ್ರೋಗ್ರಾಮಿಗೆ ಮಗು ಆಯ್ಕೆ ಆಗಲಿಲ್ಲ ಅಂತ ಪತ್ರ ಬಂದಾಗ ಅಪ್ಪ ಅಮ್ಮ ತಿರುಗಿ ಬರೆಯುವ ಅಪೀಲ್ ಅದು.

ಇನ್ನೊಬ್ಬರ ಇಂಗ್ಲಿಷ್ ತಿದ್ದೋದು ನನ್ನ ಹೊಟ್ಟೆಪಾಡಿನ ಕೆಲಸ. ಹಾಗಾಗಿ ಪ್ರತಿ ವರ್ಷ ಆ ಕಾಲ ಬಂತು ಅಂದ್ರೆ ಬೇರೆ ಬೇರೆ ರಾಜ್ಯಗಳಲ್ಲಿರುವ ಗೆಳೆಯರು, ನೆಂಟರು 'ಸ್ವಲ್ಪ ಗ್ರಾಮರ್ ನೋಡಿಕೊಡು ಮಾರಾಯ' ಅಂತ ಇಂಥದ್ದೊಂದನ್ನು ಕಳಿಸ್ತಾರೆ. ಇಲ್ಲೀತನಕ ಹತ್ತು ಹನ್ನೆರಡು ಓದಿರಬಹುದು. ಗ್ರಾಮರ್ ಸರಿಯಾಗೇ ಇರುತ್ತೆ. ಆದ್ರೆ ಬರವಣಿಗೆ ಅಂತ ನೋಡಿದರೆ ಬಹುಪಾಲು ಕೆಟ್ಟ ಬರವಣಿಗೆ. ಬರೆದವರು ದಡ್ಡರಲ್ಲ, ತಮ್ಮ ಮಗುವಿನ ಬಗ್ಗೆ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ. ಹಾಗಿದ್ದೂ ಪತ್ರದಲ್ಲಿ ಮಗು ಕಾಣಿಸಲ್ಲ. ಯಾಕೆ ಹೀಗೆ ಅನ್ನೋ ಪ್ರಶ್ನೆ ನನ್ನನ್ನು ಸುಮಾರು ದಿನದಿಂದ ಕೊರೀತಿದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಚುರುಕಾದ ಮಕ್ಕಳಿಗೆ ಬೇರೆ ಪಾಠ ಕ್ರಮ ಇರುವ ಏರ್ಪಾಡಿಗೆ ಗಿಫ್ಟೆಡ್ ಪ್ರೋಗ್ರಾಂ ಅನ್ನೋದು. ದೇಶಕ್ಕೆಲ್ಲ ಒಂದೇ ನಿಯಮ ಇಲ್ಲ, ರಾಜ್ಯಕ್ಕೊಂದು, ಶಾಲಾ ಜಿಲ್ಲೆಗೊಂದು. ನ್ಯೂಯಾರ್ಕ್ ನಗರದಲ್ಲಂತೂ 2021ರವರೆಗೂ ನಾಲ್ಕು ವರ್ಷದ ಮಕ್ಕಳಿಗೆ ಪರೀಕ್ಷೆ ಇತ್ತು. ಚಡ್ಡಿ ಗುಂಡಿ ಹಾಕಿಕೊಳ್ಳೋಕೆ ಬಾರದ ಕೂಸುಗಳಿಗೆ ಕೋಚಿಂಗು! ನಮ್ಮವರು ಸಾಕಷ್ಟು ಸಂಖ್ಯೆಯಲ್ಲಿರುವ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಂಥ ಕಡೆ ಎರಡನೇ ತರಗತಿಯ ಹೊತ್ತಿಗೆ ಕಾಗ್ಯಾಟ್ ಥರದ ಪರೀಕ್ಷೆ ಆಗುತ್ತೆ. ಆ ಅಂಕ, ಟೀಚರ್ ತುಂಬುವ ನಮೂನೆ, ಮಗು ಮಾಡಿದ ಕೆಲಸದ ಒಂದಷ್ಟು ಹಾಳೆ, ಎಲ್ಲ ಸೇರಿ ಒಂದು ಫೈಲು. ಸಮಿತಿ ಕೂತು ನೋಡಿ ಮೂರನೇ ತರಗತಿಯಿಂದ ಪೂರ್ತಿ ಪ್ರಮಾಣದ ತರಗತಿಗೆ ಯಾರು ಅಂತ ತೀರ್ಮಾನ ಮಾಡುತ್ತೆ. ಆಗದವರಿಗೆ ಬರುವ ಪತ್ರದಲ್ಲಿ ಸಾಮಾನ್ಯವಾಗಿ 'ಈ ಸಮಯದಲ್ಲಿ' ಅನ್ನೋ ಎರಡು ಪದ ಇರುತ್ತೆ. ಈ ಸಮಯದಲ್ಲಿ ಅರ್ಹತೆ ಕಂಡುಬಂದಿಲ್ಲ. ಏಳು ವರ್ಷದ ಮಗುವಿಗೆ ಬೇರೆ ಯಾವ ಸಮಯ ಅಂತ ಯಾರೂ ಹೇಳಲ್ಲ.

ವರ್ಜೀನಿಯಾದ ನಿಯಮದ ಪ್ರಕಾರ ಪತ್ರ ಕೈಸೇರಿದ ಮೇಲೆ ಪಾಠ ನಡೆಯುವ 10 ದಿನದೊಳಗೆ ಅಪೀಲ್ ಹಾಕಬೇಕು. ಅದನ್ನು ನೋಡುವ ಸಮಿತಿಯಲ್ಲಿ ಮೊದಲ ಸಲ ನೋಡದವರೇ ಹೆಚ್ಚಿಗೆ ಇರಬೇಕು. ಇದು ಒಳ್ಳೆ ನಿಯಮ. ನಮ್ಮಲ್ಲಿ ಎಷ್ಟೋ ಕಡೆ ತೀರ್ಪು ಕೊಟ್ಟವನ ಹತ್ತಿರವೇ ಹೋಗಿ 'ಸ್ವಾಮಿ, ಇನ್ನೊಂದ್ಸಲ ನೋಡಿ' ಅನ್ನಬೇಕಾಗುತ್ತೆ.

ಅಪೀಲ್ ಅಂದಕೂಡಲೇ ನಮಗೆ ನೆನಪಾಗೋದು ಎಸ್ಸೆಸ್ಸೆಲ್ಸಿ, ಪಿಯುಸಿಯ ಮರುಮೌಲ್ಯಮಾಪನ. ಶುಲ್ಕ ಕಟ್ಟು, ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸು, ಮೇಷ್ಟ್ರಿಗೆ ತೋರಿಸು, 'ನೋಡಿ ಇಲ್ಲಿ ಎರಡು ಮಾರ್ಕ್ಸ್ ಬಿಟ್ಟುಹೋಗಿದೆ' ಅಂತ ಬೆರಳಿಟ್ಟು ಹೇಳು. ಜಗಳ ಏನಿದ್ದರೂ ಕಾಗದದ ಮೇಲಿರುವ ಉತ್ತರದ ಬಗ್ಗೆ. ಹುಡುಗ ಎಂಥವನು ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ. ಗಿಫ್ಟೆಡ್ ಅಪೀಲಿನಲ್ಲಿ ಬೆರಳಿಡೋಕೆ ಉತ್ತರ ಪತ್ರಿಕೆ ಸಿಗಲ್ಲ. ಅಲ್ಲಿ ಮಗುವೇ ಉತ್ತರ ಪತ್ರಿಕೆ. ಅಪ್ಪ ಅಮ್ಮ ಅದನ್ನು ಹಿಡಿದುಕೊಂಡು 'ಇಲ್ಲಿ ನೋಡಿ, ಇಲ್ಲೊಂದು ಗುಣ ಬಿಟ್ಟುಹೋಗಿದೆ' ಅಂತ ಬರೀಬೇಕು.

ಹಾಗಾಗಿ ಎಲ್ಲ ಪತ್ರಗಳೂ ಒಂದೇ ಅಚ್ಚಿನಲ್ಲಿ ಬರುತ್ತವೆ. ಮೊದಲ ಪ್ಯಾರಾದಲ್ಲಿ ವಿನಯ, ಸಮಿತಿಯ ಶ್ರಮಕ್ಕೆ ಧನ್ಯವಾದ. ಎರಡನೆಯದರಲ್ಲಿ ವಿಶೇಷಣಗಳ ಮೆರವಣಿಗೆ: ಕುತೂಹಲಿ, ಸ್ವಯಂಪ್ರೇರಿತ, ವಯಸ್ಸಿಗೆ ಮೀರಿದ. ಮೂರನೆಯದರಲ್ಲಿ ಕುಮಾನ್ ಯಾವ ಲೆವೆಲ್ಲು, ಚೆಸ್ ರೇಟಿಂಗ್ ಎಷ್ಟು, ಹ್ಯಾರಿ ಪಾಟರ್ ಎಷ್ಟನೇ ಭಾಗ. ನಾಲ್ಕನೆಯದು ಸ್ವಲ್ಪ ಕಹಿ: ಪರೀಕ್ಷೆಯ ದಿನ ಜ್ವರ ಇತ್ತು, ಅಥವಾ ಟೀಚರ್ ಅರ್ಧ ವರ್ಷದಲ್ಲಿ ಬದಲಾದರು. ಕೊನೆಗೆ, ಸದ್ಯದ ತರಗತಿಯಲ್ಲಿ ಮಗುವಿಗೆ ಬೋರ್ ಆಗ್ತಿದೆ. ಈ 'ಬೋರ್' ಇಲ್ಲದ ಒಂದೇ ಒಂದು ಪತ್ರ ನಾನು ಓದಿಲ್ಲ. ಬೋರ್ ಆಗದ ಮಗು ಪ್ರತಿಭಾವಂತ ಅಲ್ಲ ಅಂತ ಯಾರು ಇವರಿಗೆ ಹೇಳಿಕೊಟ್ಟರೋ! ನನಗೆ ಗೊತ್ತಿರುವ ಅತಿ ಚುರುಕಿನ ಹುಡುಗನಿಗೆ ಬೋರ್ ಅಂದ್ರೇನು ಅಂತಲೇ ಗೊತ್ತಿರಲಿಲ್ಲ, ಅವನು ಬಸ್ ಟಿಕೆಟ್ಟಿನ ನಂಬರುಗಳನ್ನು ಕೂಡಿಸಿಕೊಂಡು ಮೈಸೂರುತನಕ ಹೋಗ್ತಿದ್ದ.

ಇದು ರೆಸ್ಯೂಮೆಯ ಭಾಷೆ. ನಾವು ಐಟಿಯವರು ಅಪ್ರೈಸಲ್ಲಿಗೆ ಬರೆದು ಬರೆದು ಕೈ ಪಳಗಿಸಿಕೊಂಡ ಭಾಷೆ. 'ಲೀಡರ್‌ಶಿಪ್ ತೋರಿಸಿದ್ದಾಳೆ' ಅಂತ ಎರಡನೇ ತರಗತಿಯ ಹುಡುಗಿಯ ಬಗ್ಗೆ ಬರೆದದ್ದು ಓದಿದಾಗ ಮ್ಯಾನೇಜರ್ ಯಾರು ಅಂತ ಹುಡುಕಬೇಕು ಅನ್ನಿಸಿತು. ಪತ್ರ ಬರೆಯುವಷ್ಟು ಹೊತ್ತು ತಂದೆ ತಾಯಿ ತಮ್ಮ ಮಗುವಿನ ಹೆಚ್.ಆರ್. ಆಗಿಬಿಡ್ತಾರೆ.

ತಪ್ಪು ಪೂರ್ತಿ ಅವರದ್ದೂ ಅಲ್ಲ. ಹಲವು ಕಡೆ ಅಪೀಲಿನ ನಮೂನೆಯಲ್ಲೇ ಒಂದು ಷರತ್ತು ಇದೆ: ಮೊದಲ ಫೈಲಿನಲ್ಲಿ ಇಲ್ಲದ ಹೊಸ ಮಾಹಿತಿ ಇರಬೇಕು. ಓದಲಿಕ್ಕೆ ಎಷ್ಟು ನ್ಯಾಯವಾಗಿದೆ! ಆದ್ರೆ ಎರಡು ವಾರದಲ್ಲಿ ಏಳು ವರ್ಷದ ಮಗುವಿನ ಹತ್ತಿರ ಹೊಸ ಮಾಹಿತಿ ಎಲ್ಲಿಂದ ಬರಬೇಕು? ಒಂದು ಹಲ್ಲು ಬಿದ್ದಿರಬಹುದು, ಅಷ್ಟೇ. ಖಾಸಗಿ ಮನಶ್ಶಾಸ್ತ್ರಜ್ಞರ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡು ವಿಸ್ಕ್ ಅನ್ನೋ ಬುದ್ಧಿಶಕ್ತಿ ಪರೀಕ್ಷೆ ಮಾಡಿಸಿದರೆ ಬರುತ್ತೆ. ಅದಕ್ಕೆ ನೂರಾರು ಡಾಲರ್. ಕೆಲವು ಜಿಲ್ಲೆಗಳು ಹೊರಗಿನ ಅಂಕ ಒಪ್ಪಲ್ಲ, ಒಪ್ಪುವ ಕಡೆ ಇದೇ ಅಪೀಲಿನ ಬೆನ್ನೆಲುಬು.

ಇದರ ಲೆಕ್ಕ ಸ್ವಲ್ಪ ನೋಡಿ. ಕಾಗ್ಯಾಟ್‌ನಲ್ಲಿ ಸರಾಸರಿ 100. 132ಕ್ಕೆ ಗೆರೆ ಎಳೆದರೆ ನೂರರಲ್ಲಿ ಸುಮಾರು ಎರಡು ಮಕ್ಕಳು ಗೆರೆಯ ಮೇಲಿರುತ್ತಾರೆ. ಆದರೆ ಇಂಥ ಯಾವ ಪರೀಕ್ಷೆಯೂ ತಕ್ಕಡಿ ಅಲ್ಲ. ಅದೇ ಮಗು ಇನ್ನೊಂದು ದಿನ ಕೂತರೆ ನಾಲ್ಕೈದು ಅಂಕ ಆಚೀಚೆ ಆಗೋದು ಮಾಮೂಲು. 129 ಬಂದ ಮಗುವನ್ನು 133 ಬಂದ ಮಗುವಿನಿಂದ ಬೇರೆ ಮಾಡೋದು ಬುದ್ಧಿ ಇರಬಹುದು, ಆವತ್ತಿನ ನಿದ್ದೆಯೂ ಇರಬಹುದು. ಅಂದಮೇಲೆ ಅಪೀಲಿಗೆ ಅವಕಾಶ ಇರಲೇಬೇಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದ್ರೆ ಎರಡನೇ ಪರೀಕ್ಷೆಗೂ ಅದೇ ಆಚೀಚೆ ಇದೆಯಲ್ಲ? ಚೌಕಾಬಾರ ಆಡುವಾಗ ಬೇಕಾದ ಗರ ಬೀಳದಿದ್ದರೆ ದುಡ್ಡು ಕೊಟ್ಟವನಿಗೆ ಮಾತ್ರ ಕವಡೆ ಇನ್ನೊಂದ್ಸಲ ಎಸೆಯೋಕೆ ಬಿಟ್ಟಂತೆ. ಎರಡರಲ್ಲಿ ಚೆನ್ನಾಗಿರೋದನ್ನು ಲಗತ್ತಿಸೋದು, ಕಡಿಮೆ ಬಂದದ್ದನ್ನು ಡ್ರಾಯರಿನಲ್ಲಿಡೋದು. ಕಡಿಮೆ ಬಂದ ವಿಸ್ಕ್ ವರದಿಯನ್ನು ಯಾರಾದ್ರೂ ಪ್ರಾಮಾಣಿಕತೆಗೆ ಅಂತ ಲಗತ್ತಿಸಿದ್ದನ್ನು ನಾನಂತೂ ನೋಡಿಲ್ಲ.

ಗೆರೆ ಎಳೆಯೋದು ಎಷ್ಟು ಎಡವಟ್ಟಿನ ಕೆಲಸ ಅನ್ನೋದಕ್ಕೆ ಹಳೇ ಉದಾಹರಣೆ ಇದೆ. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ ಜೀವನಪೂರ್ತಿ ಗಮನಿಸುವ ಅಧ್ಯಯನ ಶುರುಮಾಡಿದ. ಸುಮಾರು ಒಂದೂವರೆ ಸಾವಿರ ಮಕ್ಕಳು ಆಯ್ಕೆಯಾದರು. ಆ ಸಾವಿರದೈನೂರರಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರಿಗೆ ಬಂತು, 1956ರಲ್ಲಿ ವಿಲಿಯಂ ಶಾಕ್ಲಿಗೆ, 1968ರಲ್ಲಿ ಲೂಯಿಸ್ ಆಲ್ವರೆಜ್‌ಗೆ. ಈ ಕತೆಯನ್ನು ಅಪೀಲ್ ಪತ್ರದಲ್ಲಿ ಸೇರಿಸೋರು ಇದ್ದಾರೆ, ದಯವಿಟ್ಟು ಬೇಡ. ಇದೇ ಶಾಕ್ಲಿ ಮುಂದೆ ಐಕ್ಯು ಅಂಕಗಳನ್ನೇ ಹಿಡಿದುಕೊಂಡು ಕಪ್ಪು ಜನರ ಬುದ್ಧಿ ಕಡಿಮೆ ಅಂತ ಊರೂರು ಭಾಷಣ ಮಾಡಿದ. ಗೆರೆಯಿಂದ ಹೊರಗೆ ಬಿದ್ದವನೂ ಇನ್ನೊಬ್ಬರಿಗೆ ಗೆರೆ ಎಳೆಯಬಲ್ಲ.

ಅಂದ ಹಾಗೆ ಗಿಫ್ಟೆಡ್ ಅನ್ನೋ ಪದದಲ್ಲೇ ಒಂದು ತಮಾಷೆ ಇದೆ. ಗಿಫ್ಟ್ ಅಂದ್ರೆ ವರ. ವರ ಸಿಗಲಿಲ್ಲ ಅಂತ ಅರ್ಜಿ ಹಾಕೋದು ಹೇಗೆ ಅಂತ ನಗಬಹುದು. ಆದ್ರೆ ನಮ್ಮ ಪುರಾಣಗಳಲ್ಲಿ ವರ ಸಿಗ್ತಿದ್ದದ್ದೇ ಒಂಟಿ ಕಾಲಿನಲ್ಲಿ ನಿಂತು ಹಠ ಹಿಡಿದವರಿಗೆ. ತಪಸ್ಸೂ ಒಂಥರಾ ಅಪೀಲೇ. ನಮ್ಮವರಿಗೆ ಈ ಪ್ರಕಾರ ಒಗ್ಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಈಗ ನನ್ನನ್ನು ನಿಜವಾಗಿ ಕಾಡಿದ ಪತ್ರಕ್ಕೆ ಬರ್ತೀನಿ. ಗೆಳತಿಯೊಬ್ಬಳು ಕಳಿಸಿದ್ದು, ಮೇಲೆ ಹೇಳಿದ ಐದು ಪ್ಯಾರಾಗಳೂ ಅಚ್ಚುಕಟ್ಟಾಗಿದ್ದವು. ಕಾಮಾ ಸರಿಮಾಡಿ ವಾಪಸ್ ಕಳಿಸಿ ಫೋನಿನಲ್ಲಿ ಮಾತಾಡ್ತಾ ಕೂತಿದ್ದೆ. ಮಾತಿನ ಮಧ್ಯೆ ಅವಳು ಮಗಳ ಬಗ್ಗೆ ನಗ್ತಾ ಹೇಳಿದಳು: 'ಮೊನ್ನೆ ಅಜ್ಜಿ ಜೊತೆ ವಾಟ್ಸಾಪಿನಲ್ಲಿ ಕನ್ನಡ ಎಣಿಕೆ ಮಾಡ್ತಿದ್ಲು ಕಣೋ. ಇಪ್ಪತ್ತು, ಮೂವತ್ತು ಅಂತ ಹೋಗಿ ಎಂಬತ್ತು, ತೊಂಬತ್ತು ಮುಗಿಸಿದ್ಲು. ಆಮೇಲೆ ನಿಲ್ಲಿಸಿ, ಅಜ್ಜಿ, ಒಂಬತ್ತೂ ಹಾಗೇ ಕೇಳಿಸುತ್ತಲ್ಲ, ಅದ್ಯಾಕೆ ಅಷ್ಟು ಚಿಕ್ಕದು, ಅದರೊಳಗೆ ಹತ್ತು ಯಾಕಿದೆ ಅಂತ ಕೇಳಿದ್ಲು. ನಮ್ಮಮ್ಮ ತಬ್ಬಿಬ್ಬು.'

ನಾನೂ ತಬ್ಬಿಬ್ಬು. ಹುಟ್ಟಿದಾರಭ್ಯ ಕನ್ನಡದಲ್ಲಿ ಎಣಿಸುತ್ತಾ ಬಂದ ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ನಿಮಗೆ ಹೊಳೆದಿತ್ತಾ? ಹಳಗನ್ನಡದಲ್ಲಿ ಹತ್ತು ಅನ್ನೋದು ಪತ್ತು. ಆ ಪತ್ತು ಎಪ್ಪತ್ತರಲ್ಲಿ ಹಾಗೇ ಉಳಿದಿದೆ, ಎಂಬತ್ತರಲ್ಲಿ ಬತ್ತು ಆಗಿದೆ. ಒಂಬತ್ತರಲ್ಲಿ ಇರೋದೂ ಅದೇ. ಹತ್ತಕ್ಕೆ ಒಂದು ಕಡಿಮೆ ಅನ್ನೋ ಅರ್ಥದಿಂದ ಈ ಪದ ಬಂತು ಅಂತ ದ್ರಾವಿಡ ಭಾಷೆಗಳನ್ನು ಅಭ್ಯಾಸ ಮಾಡಿದವರು ವಿವರಿಸ್ತಾರೆ. ಪುಸ್ತಕ ಇಲ್ಲದೆ, ಮೇಷ್ಟ್ರಿಲ್ಲದೆ, ಬರೀ ಕಿವಿಯಿಂದ, ಏಳು ವರ್ಷದ ಹುಡುಗಿ ಒಂಬತ್ತರೊಳಗಿನ ಹತ್ತನ್ನು ಕೇಳಿಸಿಕೊಂಡಿದ್ದಾಳೆ!

ಇದನ್ನು ಯಾಕೆ ಬರೆದಿಲ್ಲ ಅಂದೆ. 'ಅಯ್ಯೋ, ಕನ್ನಡದ್ದು ಯಾಕೋ? ಮನೇಲಿ ಇಂಗ್ಲಿಷ್ ಮಾತಾಡಲ್ಲ ಅಂದ್ಕೊಂಡ್ರೆ ಕಷ್ಟ' ಅಂದಳು.

ಅವಳ ಭಯಕ್ಕೆ ಕಾರಣ ಇದೆ. ಅಲ್ಲಿ ಶಾಲೆಗೆ ಸೇರಿಸುವಾಗ ಮನೆಮಾತು ಯಾವುದು ಅಂತ ಒಂದು ನಮೂನೆ ತುಂಬಿಸ್ಕೋತಾರೆ. ಇಂಗ್ಲಿಷ್ ಅಲ್ಲದ ಭಾಷೆ ಬರೆದರೆ ಮಗುವಿಗೆ ಇಂಗ್ಲಿಷ್ ಬರುತ್ತಾ ಅಂತ ಪರೀಕ್ಷೆ ಆಗುತ್ತೆ, ಬೇಕಾದರೆ ಸಹಾಯಕ್ಕೆ ಬೇರೆ ಪಾಠ. ನೆರವಿಗೆ ಇರುವ ಏರ್ಪಾಡು ಅದು. ಆದ್ರೆ ಮಗುವಿನ ಮೇಲೆ ಚೀಟಿ ಅಂಟುತ್ತೆ ಅಂತ ಹೆದರಿ ನಮ್ಮವರು ಎಷ್ಟೋ ಜನ ಮನೆಮಾತು ಇಂಗ್ಲಿಷ್ ಅಂತಲೇ ಬರೆದು ಬರ್ತಾರೆ. ಕಿಂಡರ್‌ಗಾರ್ಟನ್ನಿನ ಬಾಗಿಲಲ್ಲಿ ಅಡಗಿಸಿಟ್ಟ ಕನ್ನಡವನ್ನು ಎರಡನೇ ತರಗತಿಯ ಅಪೀಲಿನಲ್ಲಿ ಹೊರಗೆ ತೆಗೆಯೋದು ಹೇಗೆ? ಹಾಗಾಗಿ ಮಗು ಮನೆಯಲ್ಲಿ ಮಾಡುವ ಅತ್ಯಂತ ಕಠಿಣ ಕೆಲಸ, ಅಜ್ಜಿಗೊಂದು ಭಾಷೆ, ತಮ್ಮನಿಗೊಂದು, ಪಕ್ಕದ ಮನೆಯವರಿಗೊಂದು ಅಂತ ಗಳಿಗೆಗೊಮ್ಮೆ ದಾಟೋದು, ಯಾವ ಫೈಲಿಗೂ ಸೇರಲ್ಲ. ರೊಬಾಟಿಕ್ಸ್ ಕ್ಯಾಂಪಿನ ಸರ್ಟಿಫಿಕೇಟು ಸೇರುತ್ತೆ.

ನನ್ನ ದೂರು ಇಷ್ಟು: ಹೊಸ ಮಾಹಿತಿ ಕೊಡಿ ಅಂತ ಕೇಳಿದಾಗ ನಾವು ಕೊಂಡುಕೊಂಡದ್ದನ್ನು ಕೊಡ್ತೀವಿ, ಕಂಡದ್ದನ್ನು ಕೊಡಲ್ಲ. ಸಮಿತಿಗಳೂ ಕೊಂಡುಕೊಂಡದ್ದನ್ನು ಗುರುತಿಸುವಷ್ಟು ಸುಲಭವಾಗಿ ಕಂಡದ್ದನ್ನು ಗುರುತಿಸಲ್ಲ, ಯಾಕಂದ್ರೆ ಮೊದಲನೆಯದಕ್ಕೆ ನಂಬರ್ ಇರುತ್ತೆ.

ವಿಮರ್ಶಕನಾದವನು ಬರೆದ ಪತ್ರಗಳ ಜೊತೆಗೆ ಬರೆಯದ ಪತ್ರಗಳ ಬಗ್ಗೆಯೂ ಕೇಳಬೇಕು. 10 ದಿನದೊಳಗೆ ಚೆಂದದ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯುವವರು ಯಾರು? ರಾತ್ರಿ ಪಾಳಿ ಮಾಡಿ ಬಂದು ಮಲಗುವ ತಾಯಿ ಬರೀತಾಳಾ? ಅಪೀಲ್ ಮಾಡಬಹುದು ಅನ್ನೋದೇ ಗೊತ್ತಿಲ್ಲದ ತಂದೆ? ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ 2005ರವರೆಗೂ ಟೀಚರೋ ಪೋಷಕರೋ ಹೆಸರು ಹೇಳಿದ ಮಕ್ಕಳನ್ನು ಮಾತ್ರ ಗಿಫ್ಟೆಡ್ ಪರೀಕ್ಷೆಗೆ ಕಳಿಸ್ತಿದ್ದರು. ಆಮೇಲೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಪ್ರಾಥಮಿಕ ಪರೀಕ್ಷೆ ಕೊಡೋಕೆ ಶುರುಮಾಡಿದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಅನ್ನೋ ಅರ್ಥಶಾಸ್ತ್ರಜ್ಞರು 2016ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಅರ್ಹತೆಯ ಗೆರೆ ಒಂದಿಂಚೂ ಇಳಿಸದೆ, ಬಡ ಮನೆಯ, ಕಪ್ಪು ಜನರ, ಹಿಸ್ಪಾನಿಕ್ ಜನರ ಮಕ್ಕಳ ಪಾಲು ಗಣನೀಯವಾಗಿ ಏರಿತ್ತು. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಮತ್ತು ಹುಡುಗಿಯರು ಕೂಡ ಹಳೇ ಪದ್ಧತಿಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿದ್ದರು ಅನ್ನೋದು ತಿಳಿಯಿತು. ಅಷ್ಟು ದಿನವೂ ಆ ಮಕ್ಕಳು ಅದೇ ಬೆಂಚಿನ ಮೇಲೇ ಕೂತಿದ್ದರು, ಅವರ ಪರವಾಗಿ ಯಾರೂ ಪತ್ರ ಬರೆದಿರಲಿಲ್ಲ ಅಷ್ಟೇ. ಆ ಜಿಲ್ಲೆಯಲ್ಲಿ ಸಾಮಾನ್ಯ ಗೆರೆ 130 ಆದರೆ, ಬಡ ಮಕ್ಕಳಿಗೂ ಇಂಗ್ಲಿಷ್ ಕಲಿಯುತ್ತಿರುವವರಿಗೂ 116. ಮನೆಮಾತನ್ನು ಬಚ್ಚಿಡುವ ನಮ್ಮವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬಹುದು.

ಅದಕ್ಕೇ ನನಗೆ ಅನ್ನಿಸೋದು, ಗೆರೆಗೆ ಐದಾರು ಅಂಕ ಹತ್ತಿರ ಬಂದ ಪ್ರತಿಯೊಂದು ಮಗುವನ್ನೂ ಶಾಲೆಯೇ, ಶಾಲೆಯ ಖರ್ಚಿನಲ್ಲೇ, ಇನ್ನೊಂದು ಸಲ ನೋಡಿಬಿಡಲಿ. ಕವಡೆ ಎಲ್ಲರಿಗೂ ಎರಡನೇ ಸಲ ಸಿಗಲಿ. ಪತ್ರ ಬೇಕಿಲ್ಲ. ನನಗೆ ಕೆಲಸ ಕಡಿಮೆ ಆಗುತ್ತೆ, ಪರವಾಗಿಲ್ಲ.

ಇಷ್ಟೆಲ್ಲ ಹೋರಾಡಿ ಒಳಗೆ ಹೋದರೆ ಏನು ಸಿಗುತ್ತೆ ಅಂತಲೂ ಕೇಳಬೇಕಲ್ವಾ? ಅಮೆರಿಕದ ನೈಋತ್ಯ ಭಾಗದ ಒಂದು ದೊಡ್ಡ ಜಿಲ್ಲೆಯಲ್ಲಿ ಗೆರೆಗೆ ತೀರ ಹತ್ತಿರವಿದ್ದ ಮಕ್ಕಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೂದಲೆಳೆಯಲ್ಲಿ ಒಳಗೆ ಹೋದವರಿಗೂ ಕೂದಲೆಳೆಯಲ್ಲಿ ಹೊರಗುಳಿದವರಿಗೂ 7ನೇ ತರಗತಿಯ ಪರೀಕ್ಷೆಯ ಅಂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಪೀಲ್ ಹಾಕೋರಲ್ಲಿ ಹೆಚ್ಚಿನವರು ಇದೇ ಕೂದಲೆಳೆಯವರು. ಇನ್ನೊಂದು ಕಡೆ, ಕಾರ್ಡ್ ಮತ್ತು ಜುಲಿಯಾನೊ ಅವರದೇ ಬೇರೊಂದು ಅಧ್ಯಯನದಲ್ಲಿ, ಗಿಫ್ಟೆಡ್ ತರಗತಿಯಲ್ಲಿ ಖಾಲಿ ಉಳಿದ ಜಾಗಗಳಿಗೆ ಹಿಂದಿನ ವರ್ಷದ ಅಂಕ ನೋಡಿ ಸೇರಿಸಿಕೊಂಡ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಓದಿನಲ್ಲೂ ಗಣಿತದಲ್ಲೂ ಚೆನ್ನಾಗಿ ಮುಂದೆ ಬಂದರು. ಅಂದ್ರೆ ಆ ಕೋಣೆಯಿಂದ ಲಾಭ ಇಲ್ಲ ಅಂತಲ್ಲ. ಮನೆಯಲ್ಲಿ ಎರಡು ಕಪಾಟು ಪುಸ್ತಕ, ಶನಿವಾರದ ಮ್ಯಾತ್ ಕ್ಲಾಸು ಇರುವ ನಮ್ಮ ಮಕ್ಕಳಿಗೆ ಬಹುಶಃ ಅಷ್ಟು ಲಾಭ ಇಲ್ಲ.

ಈ ಮಾತನ್ನು ಗೆಳತಿಗೂ ಹೇಳಿದೆ. 'ನಿನಗೇನು, ಬೆಂಗಳೂರಲ್ಲಿ ಕೂತು ಹೇಳ್ತೀಯ. ಅವಳ ಇಬ್ಬರು ಫ್ರೆಂಡ್ಸೂ ಆ ಕ್ಲಾಸಿಗೆ ಹೋಗ್ತಿದ್ದಾರೆ, ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರ್ತಾಳೆ ಇವಳು?' ಅಂದಳು. ಯಾವ ಅಧ್ಯಯನದಲ್ಲೂ ಈ ಪ್ರಶ್ನೆಗೆ ಉತ್ತರ ನಾನು ಓದಿಲ್ಲ. ಅವಳ ಪತ್ರದಲ್ಲೂ ಈ ಪ್ರಶ್ನೆ ಇರಲಿಲ್ಲ, ಇಡೀ ಪತ್ರದಲ್ಲಿ ಇರಬೇಕಾಗಿದ್ದ ಅತ್ಯಂತ ನಿಜವಾದ ವಾಕ್ಯ ಅದೇ ಆಗಿತ್ತು.

ಕೊನೆಗೆ ಅವಳು ಚೆಸ್ ತೆಗೆದಳು. ಲೀಡರ್‌ಶಿಪ್ಪೂ ಹೋಯಿತು. ಆ ಜಾಗಕ್ಕೆ ಒಂಬತ್ತರ ಪ್ಯಾರಾ ಬಂತು. ಎಂಬತ್ತು, ತೊಂಬತ್ತು, ಒಂಬತ್ತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಅಂಕೆ ಹಾಕಿ, ಮಗು ಕೇಳಿದ ಪ್ರಶ್ನೆಯನ್ನು ಹೇಗಿತ್ತೋ ಹಾಗೇ ಇಟ್ಟಳು, ಒಂದೂ ವಿಶೇಷಣ ಇಲ್ಲದೆ. ಬೋರ್ ಮಾತ್ರ ಬಿಡಲಿಲ್ಲ. ಇರಲಿ ಅಂದೆ. ಕೊನೆಯ ದಿನ ಸಂಜೆ ಕಳಿಸಿದ್ದಾಯಿತು. ಉತ್ತರ ಇನ್ನೂ ಬಂದಿಲ್ಲ. ಹುಡುಗಿ ಈಗ ಒಂಬೈನೂರರಲ್ಲಿ 'ಬೈ' ಎಲ್ಲಿಂದ ಬಂತು ಅಂತ ಅಜ್ಜಿಯ ಬೆನ್ನು ಹತ್ತಿದ್ದಾಳಂತೆ, ಅಜ್ಜಿ ನನಗೆ ಫೋನ್ ಮಾಡಿ ಕೇಳಿದರು, ನನಗೂ ಗೊತ್ತಿಲ್ಲ.